ಪಾವು ಮೊಸರು, ತಾಸು ಮಾತು

ಕಳೆದ ವಾರ ನನ್ನ ಹೆಂಡತಿ ಅಟ್ಟ ಸ್ವಚ್ಛಗೊಳಿಸುವ ಮಹಾಕಾರ್ಯವನ್ನು ಕೈಗೊಂಡಳು. ಅಧ್ಯಕ್ಷ ಸ್ಥಾನ ಅವಳದು. ಏಣಿ ಹಿಡಿದು ನಿಲ್ಲುವ ಗೌರವ ನನ್ನದು. ಮೇಲಿನಿಂದ ಒಂದು ಪ್ಲಾಸ್ಟಿಕ್ ಚೀಲ ಬಂದು ನನ್ನ ಭುಜದ ಮೇಲೆ ಬಿತ್ತು. ಗಂಟು ಬಿಚ್ಚಿದೆ. ಒಳಗೊಂದು ಸಿಂಬಿ. ತಲೆಯ ಮೇಲೆ ಗಡಿಗೆ ನಿಲ್ಲಲೆಂದು ಹಳೆಯ ಸೀರೆಯನ್ನು ಸುರುಳಿ ಸುತ್ತಿ ಮಾಡುತ್ತಾರಲ್ಲ, ಅದು. ಹಸಿರು ಇಳಕಲ್ ಸೀರೆಯ ತುಂಡು, ನಡುವೆ ತೂತು, ಅಂಚಿನಲ್ಲಿ ಹರಿದು ಹೋದ ಕೆಂಪು. ಮೂಗಿಗೆ ಹಿಡಿದರೆ ಸಗಣಿಯ ಕುಳ್ಳಿನ ಹೊಗೆ, ಅದರ ಹಿಂದೆ ತುಸು ಹುಳಿ…

"ಅದೇನ್ರಿ? ಒಗದ ಬಿಡ್ಲೇನು?" ಎಂದು ಮೇಲಿನಿಂದ ಪ್ರಶ್ನೆ ಬಂತು.

"ಇರ್ಲಿ," ಎಂದೆ. ಏಣಿ ಅಲುಗಾಡಿತು, ಬೈಸಿಕೊಂಡೆ.

ಅದು ಮೊಸರಿನಾಕಿಯ ಸಿಂಬಿ. ವಿದ್ಯಾನಗರದ ನಮ್ಮ ಓಣಿಗೆ ಆಕೆ ಹದಿನಾಲ್ಕು ವರ್ಷ ಮೊಸರು ಹಾಕಿದಳು. ಊರಾಚೆಯ ಸುಳ್ಳ ಎಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವಳು. ತಲೆಯ ಮೇಲೆ ಗಡಿಗೆ, ಕೈಯಲ್ಲಿ ಹಿತ್ತಾಳೆಯ ಅಳತೆ, ಕಂಕುಳಲ್ಲೊಂದು ಚೀಲ. ಕುಳ್ಳಿನ ಬೆಂಕಿಯ ಮೇಲೆ ಸಾವಕಾಶ ಕಾಸಿದ ಎಮ್ಮೆಯ ಹಾಲು. ಅದನ್ನು ಹೆಪ್ಪು ಹಾಕಿದರೆ ಮೊಸರಿಗೊಂದು ಹೊಗೆಯ ಘಮ ಬರುತ್ತದೆ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು. ಆಕೆಯ ಅಳತೆಯಲ್ಲಿ ಒಂದು ಶಾಸ್ತ್ರವಿತ್ತು: ಪಾವು ಕಿಲೋ ಎಂದರೆ ಪಾವು ಕಿಲೋ ಹಾಕಿ, ಅದರ ಮೇಲೆ ಒಂದು ಚಮಚ ಕೆನೆ. ಅದು ಕೊಸರು. ಅದಕ್ಕೆ ರೊಕ್ಕವಿಲ್ಲ. ಕೊಸರು ಬೇಡ ಎಂದರೆ ಆಕೆಗೆ ಅವಮಾನ. ಕೊಸರು ಕೇಳಿದರೆ ಆಕೆಗೆ ಸಿಟ್ಟು.

ನಾವು ದಿನಾಲೂ ಪಾವು ಕಿಲೋ, ಎಂದರೆ ಕಾಲು ಕಿಲೋ, ಕೊಳ್ಳುತ್ತಿದ್ದೆವು. ಇಬ್ಬರೇ ಇರುವ ಮನೆ. ಆದರೆ ನನ್ನ ಕಟ್ಟೆಯ ಮೇಲೆ ಗಡಿಗೆ ಇಳಿಸಿದರೆ ಆಕೆ ಸುಲಭವಾಗಿ ಎದ್ದು ಹೋಗುವಂತಿರಲಿಲ್ಲ. ಏಕೆಂದರೆ ನಾನು ಮಾತಾಡುತ್ತಿದ್ದೆ. ಮೂವತ್ತಮೂರು ವರ್ಷ ಜಮೀನು-ಮನೆಗಳ ನೋಂದಣಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ಕುಳಿತವನು ನಾನು. ಖರೀದಿಪತ್ರ, ಅಡಮಾನಪತ್ರ, ಬಕ್ಷೀಸುಪತ್ರ ಯಾವುದಿರಲಿ, ಪೂರ್ವಕ್ಕೆ ಯಾರ ಹೊಲ ಪಶ್ಚಿಮಕ್ಕೆ ಯಾರ ಹಿತ್ತಲು ಎಂಬುದನ್ನು ಕಡೆಯ ಸಾಲಿನವರೆಗೆ ಓದದೆ ಕಾಗದವನ್ನು ಮುಂದೆ ಬಿಟ್ಟವನಲ್ಲ. ನಿವೃತ್ತನಾದ ಮೇಲೆ ಓದಲು ಕಾಗದ ಇಲ್ಲವಾಯಿತು. ಕೇಳಲು ಮೊಸರಿನಾಕಿ ಇದ್ದಳು. ಜಗತ್ತಿನ ಜನ ಸಹಿ ಮಾಡುವ ಮುಂಚೆ ಓದದೆ ಹೇಗೆ ಹಾಳಾಗುತ್ತಾರೆ ಎಂಬ ವಿಷಯದಲ್ಲಿ ಆಕೆಗೆ ನಾನು ಮಾಡಿದ ಉಪನ್ಯಾಸಗಳನ್ನು ಒಟ್ಟುಗೂಡಿಸಿದರೆ ಒಂದು ಪದವಿಗೆ ಸಾಕಾಗುತ್ತಿತ್ತು. ಆಕೆ ಗದ್ದಕ್ಕೆ ಕೈ ಹಚ್ಚಿ ಕೇಳುವಳು. ನಡುನಡುವೆ "ಖರೇ ಐತ್ರಿ ಸಾಹೇಬ್ರ" ಎನ್ನುವಳು. ಇದು ಅಭಿರುಚಿಯೆಂದು ನಾನು ತಿಳಿದಿದ್ದೆ… ಗಿರಾಕಿಯ ಮರ್ಯಾದೆ ಕಾಯುವುದೆಂಬುದು ಆಮೇಲೆ ತಿಳಿಯಿತು.

ಐದು ವರ್ಷದ ಹಿಂದೆ ಒಂದು ಮುಂಜಾನೆ ಆಕೆ ಗಡಿಗೆ ಇಳಿಸಿದವಳು ಅಳತೆ ಕೈಗೆತ್ತಿಕೊಳ್ಳಲಿಲ್ಲ. ಹೆಂಡತಿ ಅಕ್ಕನ ಮನೆಗೆ ಧಾರವಾಡಕ್ಕೆ ಹೋಗಿದ್ದಳು. ಮೊಸರಿನಾಕಿಗೆ ಮೊಮ್ಮಗಳೊಬ್ಬಳಿದ್ದಳು. ತಾಯಿಯಿಲ್ಲದ ಹುಡುಗಿ, ಇವಳೇ ಸಾಕಿದವಳು, ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳ ಪರೀಕ್ಷೆಯ ಫೀ ಕಟ್ಟಲು ಅವತ್ತೇ ಕಡೆಯ ದಿನ.

"ಸಾಹೇಬ್ರ, ಮೂರು ಸಾವಿರ ಕಡಿಮಿ ಬಿದ್ದಾವ್ರಿ. ಮೊಸರಿನ ಲೆಕ್ಕದಾಗ ಮುರಕೊಂತ ಹೋಗ್ರಿ."

ಮೂರು ಸಾವಿರ ನನ್ನ ಕಪಾಟಿನಲ್ಲಿತ್ತು. ಆಗಿನ್ನೂ ಪೆನ್ಷನ್ ಬಂದು ನಾಲ್ಕು ದಿನವಾಗಿತ್ತು. ಆದರೆ ನನಗೊಂದು ತತ್ವವೂ ಇತ್ತು. ಪರಿಚಯದವರಿಗೆ ಸಾಲ ಕೊಡಬಾರದು, ಕೊಟ್ಟರೆ ಸಂಬಂಧ ಕೆಡುತ್ತದೆ. ಈ ತತ್ವವನ್ನು ಸೋದಾಹರಣವಾಗಿ ಅರ್ಧ ತಾಸು ಆಕೆಗೆ ವಿವರಿಸಿದೆ. ನಮ್ಮ ಸೋದರಮಾವನ ಕಥೆ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಕೇಳಿ, "ಖರೇ ಐತ್ರಿ" ಎಂದು ಚೀಲದಿಂದ ಫೋನು ತೆಗೆದಳು.

"ಫೋನ ರೊಕ್ಕಾ ಕೊಡತೈತಂತಲ್ರಿ? ಬಸ್ಸಿನ್ಯಾಗ ಒಬ್ಬಾಕಿ ಹಾಕಿಕೊಟ್ಟಾಳ. ಇಂಗ್ಲೀಷ್ನ್ಯಾಗ ಏನೇನೋ ಕೇಳತೈತಿ. ಓದಿ ಹೇಳ್ರಿ."

ಆ ಕ್ಷಣ ನನಗಾದದ್ದು ಸಮಾಧಾನ. ಕಪಾಟು ತೆಗೆಯುವ ಪ್ರಸಂಗ ತಪ್ಪಿತಲ್ಲ! ಕನ್ನಡಕ ಹಾಕಿಕೊಂಡು ಫೋನನ್ನು ತೆಗೆದುಕೊಂಡೆ. ಐದು ಸಾವಿರ, ಐದು ನಿಮಿಷದಲ್ಲಿ, ಕಾಗದಪತ್ರ ಬೇಡ, ಜಾಮೀನು ಬೇಡ. ಕೆಳಗೆ ಇರುವೆಯ ಸಾಲಿನಂತೆ ಸಣ್ಣ ಅಕ್ಷರದ ಷರತ್ತುಗಳು. ಬೆರಳಿನಿಂದ ಸರಿಸಿದಷ್ಟೂ ಮುಗಿಯಲಿಲ್ಲ. ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ನಾನು ಓದುವುದನ್ನು ಬಿಟ್ಟೆ.

ಫೋನು ಆಮೇಲೆ ಒಂದೊಂದಾಗಿ ಅನುಮತಿ ಕೇಳತೊಡಗಿತು. ಫೋಟೋ ನೋಡಲೇ? ನೀವೆಲ್ಲಿದ್ದೀರೆಂದು ತಿಳಿಯಲೇ? ಕಡೆಗೆ, ಫೋನಿನಲ್ಲಿರುವ ಜನರ ಹೆಸರು, ನಂಬರು ನೋಡಲೇ?

ಅಲ್ಲಿ ಆಕೆ ನನ್ನ ಕೈ ತಡೆದಳು. "ಅದರಾಗ ನನ್ನ ಗಿರಾಕಿ ನಂಬರ ಅದಾವ್ರಿ. ಹೂಂ ಅನ್ನೂದೋ, ಬ್ಯಾಡ ಅನ್ನೂದೋ?"

"ನೋಡವಾ, ಕಳ್ಳ ಆಗಿದ್ರ ಕೇಳತಿದ್ದನೇನು? ಕೇಳಿ ತಗೋತಾನಂದ್ರ ಸಭ್ಯ ಅಂತ ಅರ್ಥ. ಕೇಳಿದವರಿಗೆ ಇಲ್ಲ ಅನ್ನಬಾರದು."

ನಮ್ಮ ಕಡೆಯ ಸಂಸ್ಕಾರ ಅದು. ಮನೆ ಬಾಗಿಲಿಗೆ ಬಂದು "ಒಳಗ ಬರ್ಲೇನ್ರಿ?" ಎಂದು ಕೇಳಿದವನಿಗೆ "ಬ್ಯಾಡ" ಎನ್ನುವ ನಾಲಿಗೆ ನಮಗೆ ಬೆಳೆದಿಲ್ಲ. ಮೂರು ಸಾವಿರ ಕೇಳಿದ ಆಕೆಗೆ ಮಾತ್ರ ಅದೇ ನಾಲಿಗೆ ಹೇಗೆ ಹೊರಳಿತೋ… ಇರಲಿ. ನಾನೇ ಒತ್ತಿದೆ. ನನ್ನ ಈ ತೋರುಬೆರಳಿನಿಂದ, ನಾಲ್ಕು ಸಲ.

ಐದು ನಿಮಿಷದಲ್ಲಿ ರೊಕ್ಕ ಬಂತು. ಐದು ಸಾವಿರವಲ್ಲ, ಮೂರು ಸಾವಿರದ ನೂರು. ಉಳಿದದ್ದು ಅದೇನೋ ಖರ್ಚಿಗೆ ಮುರಿದುಕೊಂಡಿದ್ದರು. ಏಳನೆಯ ದಿನ ತಿರುಗಿ ಕೊಡಬೇಕಾದದ್ದು ಮಾತ್ರ ಪೂರ್ತಿ ಐದು ಸಾವಿರ.

ಆಕೆ ಬಾಯಿ ಮೇಲೆ ಸೆರಗು ಹಿಡಿದು ನಕ್ಕಳು. "ಕೊಡೂಕಿಂತ ಮೊದಲ ತನ್ನ ಕೊಸರು ತಗೊಂಡ ನೋಡ್ರಿ! ನಾ ಹಿಂಗ ಅಳದಿದ್ರ ಈ ಓಣ್ಯಾಗ ನನ್ನ ಗಡಿಗಿ ಉಳೀತಿತ್ತೇನ್ರಿ?"

ಫೀ ಕಟ್ಟಿದರು. ಏಳನೆಯ ದಿನ ಐದು ಸಾವಿರ ಎಲ್ಲಿಂದ ಬರಬೇಕು? ಎಮ್ಮೆಗೇನು ಏಳು ದಿನದಲ್ಲಿ ಎರಡು ಪಟ್ಟು ಹಾಲು ಕೊಡು ಎಂದು ನೋಟೀಸು ಕೊಡಲಾಗುತ್ತದೆಯೇ? ಆ ಸಭ್ಯ ಫೋನು ಅದಕ್ಕೂ ದಾರಿ ತೋರಿಸಿತು: ಕಟ್ಟಲಾಗದಿದ್ದರೆ ಇಲ್ಲಿ ಒತ್ತಿ, ಇನ್ನೊಬ್ಬರು ಕೊಡುತ್ತಾರೆ. ಆಕೆ ಒತ್ತಿದಳು. ಆಮೇಲೆ ಮೂರನೆಯದು. ಎಲ್ಲಿ ಒತ್ತಬೇಕೆಂಬುದನ್ನು ನನ್ನ ಬೆರಳು ನೋಡಿಯೇ ಕಲಿತಿದ್ದಳು. ಒಂದೂವರೆ ತಿಂಗಳಲ್ಲಿ ಮೂರು ಸಾವಿರದ ನೂರು ಇಪ್ಪತ್ತೆಂಟು ಸಾವಿರವಾಗಿತ್ತು. ಇದನ್ನೆಲ್ಲ ಆಕೆ ನನಗೆ ಹೇಳಲಿಲ್ಲ. ಹೇಳಿದ್ದರೆ ಸೋದರಮಾವನ ಕಥೆಯ ಎರಡನೆಯ ಭಾಗ ಕೇಳಬೇಕಾಗುತ್ತಿತ್ತು.

ಒಂದು ಮುಂಜಾನೆ ನಾನು ಮುಖಕ್ಕೆ ಸಾಬೂನು ಹಚ್ಚಿಕೊಂಡು ಗಡ್ಡ ಬೋಳಿಸುತ್ತಿದ್ದಾಗ ಫೋನು ಬಂತು. ಜೇನಿನಂಥ ಹೆಣ್ಣುದನಿ.

"ನಮಸ್ಕಾರ ಸರ್. 'ಪಾವು ಮೊಸರು ತಾಸು ಮಾತು' ಅವರಾ ಮಾತಾಡ್ತಿರೋದು?"

"ಯಾರು ಬೇಕಾಗಿತ್ರಿ?"

"ಇದೇ ಹೆಸರಲ್ಲಿ ನಿಮ್ಮ ನಂಬರ್ ಸೇವ್ ಆಗಿದೆ ಸರ್. ನಿಮ್ಮ ಕಡೆಯವರೊಬ್ಬರು ಸಾಲ ತಗೊಂಡು ಓಡಿಹೋಗಿದ್ದಾರೆ. ನೀವು ಕಟ್ತೀರಾ, ಇಲ್ಲಾ ನಿಮ್ಮ ಬೀದಿಯವರಿಗೆಲ್ಲ ಫೋನ್ ಮಾಡಬೇಕಾ?"

ನಾನು ಉತ್ತರ ಕೊಡುವ ಮುಂಚೆಯೇ ಬೀದಿಯವರಿಗೆಲ್ಲ ಫೋನು ಹೋಗಿತ್ತು. ಹಿಂದೆಯೇ ಎಲ್ಲರ ವಾಟ್ಸಾಪಿಗೆ ಆಕೆಯ ಫೋಟೋ ಬಂತು. ಅದರ ಮೇಲೆ ಕೆಂಪಕ್ಷರದಲ್ಲಿ "ಕಳ್ಳಿ" ಎಂದಿತ್ತು. ಸುಳ್ಳದಿಂದ ಬಸ್ಸು ಹತ್ತಿದ ಆ ಹೆಂಗಸು ಅದೇ ಹೊತ್ತಿಗೆ ಗಡಿಗೆ ಹೊತ್ತು ನಮ್ಮ ಓಣಿಯತ್ತ ನಡೆದು ಬರುತ್ತಿದ್ದಳು. ಓಡಿಹೋದವಳು ದಿನಾ ಬರುವ ಬಸ್ಸಿಗೇ ಬರುತ್ತಿದ್ದಳು.

ಈಗ ನೀವು ನಮ್ಮ ಓಣಿಯವರು ರೊಚ್ಚಿಗೆದ್ದರು ಎಂದುಕೊಳ್ಳುತ್ತೀರಿ. ಎದ್ದರು. ಆ ಜೇನುದನಿಯ ಮೇಲಲ್ಲ.

ಓದುಬರಹ ಬಾರದ ಆಕೆ ಗಿರಾಕಿಗಳನ್ನು ಗುರುತಿಟ್ಟುಕೊಳ್ಳುತ್ತಿದ್ದ ರೀತಿಯಲ್ಲೇ ಮೊಮ್ಮಗಳ ಕೈಯಿಂದ ಫೋನಿನಲ್ಲಿ ಹೆಸರು ಬರೆಸಿದ್ದಳು. ಎದುರುಮನೆಯ ಡಾಕ್ಟರು ದಿನಾಲೂ ಅಂಗೈ ಮೇಲೆ ಮೊಸರು ಹಾಕಿಸಿಕೊಂಡು ಪರೀಕ್ಷಿಸಿಯೇ ಕೊಳ್ಳುವವರು. ಅವರು 'ನೆಕ್ಕಿ ನೋಡೂ ಡಾಕ್ಟರ'. ಮೂಲೆಯ ಬಂಗಲೆಯ ಯಜಮಾನತಿ ಬಾಯಿಯವರು 'ನಾಳಿ ಕೊಡ್ತೇನಿ ಬಂಗ್ಲೆ'. ಜೇನುದನಿ ಪ್ರತಿಯೊಬ್ಬರಿಗೂ ಅವರವರ ಬಿರುದು ಹೇಳಿಯೇ ಮಾತು ಶುರು ಮಾಡಿತ್ತು.

ನನ್ನ ಕಟ್ಟೆಯ ಮೇಲೆ ಓಣಿಯ ತುರ್ತುಸಭೆ ಸೇರಿತು.

"ಮೂವತ್ತು ವರ್ಷ ಪ್ರ್ಯಾಕ್ಟೀಸ್ ಮಾಡೇನಿ ನಾ," ಎಂದರು ಡಾಕ್ಟರು, "ನನಗ ನೆಕ್ಕಿ ನೋಡೂ ಡಾಕ್ಟರ ಅಂತ!"

"ನೋಡ್ತೀರಲ್ರಿ ಮತ್ತ," ಎಂದಳು ನನ್ನ ಹೆಂಡತಿ.

"ನಾಳಿ ಕೊಡ್ತೇನಿ ಅಂದದ್ದು ಖರೇ," ಎಂದರು ಬಂಗಲೆಯ ಬಾಯಿಯವರು, "ಆದ್ರ ಕೊಟ್ಟೇನಿ."

"ಯಾವ ನಾಳಿಗೆ ಕೊಟ್ರಿ, ವೈನಿ?" ಎಂದಳು ಮತ್ತೆ ನನ್ನ ಹೆಂಡತಿಯೇ.

ಸಭೆಯಲ್ಲಿ ಸತ್ಯ ಮಾತಾಡಿದವಳು ಅವಳೊಬ್ಬಳೇ. ಆದ್ದರಿಂದ ಅವಳನ್ನು ಚಹಾ ಮಾಡಲು ಕಳಿಸಲಾಯಿತು. ಆಕೆಯ ಸಾಲ ಎಷ್ಟು, ಯಾಕೆ, ಏನು ಎಂದು ಯಾರೂ ಕೇಳಲಿಲ್ಲ. ನಮ್ಮ ಓಣಿಯ ಮಾನಹಾನಿಯ ಬಗ್ಗೆ ಮುಕ್ಕಾಲು ತಾಸು ಚರ್ಚೆಯಾಯಿತು. ಅಷ್ಟರಲ್ಲಿ ಗಡಿಗೆ ಹೊತ್ತು ಆಕೆ ಬಂದಳು. ಕಟ್ಟೆಯ ಮೇಲೆ ಇಷ್ಟು ಗಿರಾಕಿಗಳನ್ನು ಒಟ್ಟಿಗೆ ಕಂಡು ಮೊದಲು ನಕ್ಕಳು. ಆಮೇಲೆ ಮುಖಗಳನ್ನು ನೋಡಿದಳು. ಡಾಕ್ಟರು ಫೋನು ಹಿಡಿದು ತೋರಿಸಿದರು. ತನ್ನ ಫೋಟೋ ಆಕೆಗೆ ತಿಳಿಯಿತು, ಮೇಲಿನ ಅಕ್ಷರ ತಿಳಿಯಲಿಲ್ಲ.

"ಏನಂತ ಬರದಾರ್ರಿ?"

ಯಾರೂ ಓದಿ ಹೇಳಲಿಲ್ಲ. ಯಾರೂ ಹೇಳದ್ದರಿಂದಲೇ ತಿಳಿದುಕೊಂಡಳು. ಗಡಿಗೆ ಇಳಿಸಿ, ಸಿಂಬಿ ಕಟ್ಟೆಯ ಮೇಲಿಟ್ಟು, ನಿಂತಳು.

"ನಮ್ಮ ನಂಬರ ಅವರಿಗೆ ಕೊಟ್ಟಾವ್ರು ಯಾರು?" ಎಂದರು ಡಾಕ್ಟರು. "ನಿನಗ ಓದಾಕ ಬರೂದಿಲ್ಲ. ಯಾರ ಕಡಿಂದ ಮಾಡಿಸಿದಿ? ಯಾರು ಒತ್ತಿದ್ರು ಇದನ್ನ?"

ಆಕೆ ಡಾಕ್ಟರನ್ನು ನೋಡಿದಳು. ಬಂಗಲೆಯ ಬಾಯಿಯವರನ್ನು ನೋಡಿದಳು. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನೂ ನೋಡಿದಳು. ನನ್ನ ಕಡೆ ಮಾತ್ರ ತಿರುಗಲಿಲ್ಲ.

"ನಾನ ಒತ್ತೇನ್ರಿ," ಎಂದಳು. "ಬೆರಳು ನಂದ. ತಪ್ಪಾತ್ರಿ."

ತಾಸುಗಟ್ಟಲೆ ಮಾತಾಡುವವನು ನಾನು. ಆಗ ಕುರ್ಚಿಯ ಹಿಡಿಕೆಯ ಬೆತ್ತ ಎಲ್ಲಿ ಬಿಚ್ಚಿಕೊಂಡಿದೆಯೆಂದು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತ ಕುಳಿತೆ.

ಅವತ್ತು ಎಲ್ಲರೂ "ಇವತ್ತ ಬ್ಯಾಡ" ಎಂದರು. ಹೆಂಡತಿ ಮಾತ್ರ ಒಳಗಿನಿಂದ ದೊಡ್ಡ ಪಾತೇಲಿ ತಂದು ಪೂರ್ತಿ ಗಡಿಗೆಯನ್ನು ಸುರುವಿಸಿಕೊಂಡಳು, ರೊಕ್ಕ ಎಣಿಸಿ ಕೊಟ್ಟಳು. ವಾರವಿಡೀ ಮನೆಯಲ್ಲಿ ಮಜ್ಜಿಗೆ ಸಾರೇ ಆಯಿತು. ಆಕೆ ಖಾಲಿ ಗಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಖಾಲಿ ಗಡಿಗೆಗೆ ಸಿಂಬಿ ಬೇಕಾಗುವುದಿಲ್ಲ. ಅದು ಕಟ್ಟೆಯ ಮೇಲೇ ಉಳಿಯಿತು; ಆಮೇಲೆ ಕಣ್ಣಿಗೆ ಬೀಳದಿರಲೆಂದು ನಾನೇ ಅದನ್ನು ಚೀಲದಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ.

ಮಾರನೆಯ ದಿನ ಬರಲಿಲ್ಲ. ಆಕೆಯ ಫೋನು ಬಂದ್ ಆಗಿತ್ತು. ನನ್ನೊಳಗೆ ಏನೋ ಕಡಿಯತೊಡಗಿ, ಪೊಲೀಸರಿಗೆ ಒಂದು ತಕರಾರು ಅರ್ಜಿ ಬರೆಯಲು ಕುಳಿತೆ. ಇಲ್ಲೂ ನನ್ನ ವಿದ್ಯೆ ಅಡ್ಡ ಬಂತು. ಅರ್ಜಿ ನಾಲ್ಕು ಪುಟವಾಯಿತು, ಕಾನೂನಿನ ಭಾಷೆ ಸಾಲದೆನಿಸಿತು, ತಿದ್ದಿದೆ, ಹಾಳೆ ಬದಲಿಸಿದೆ, ಮತ್ತೆ ತಿದ್ದಿದೆ. "ಯಾರು ಒತ್ತಿದರು" ಎಂಬ ಭಾಗ ಬಂದಾಗಲೆಲ್ಲ ಚಹಾ ಕುಡಿಯಲು ಎದ್ದೆ. ಒಂಬತ್ತು ದಿನ ಹಿಡಿಯಿತು.

ಠಾಣೆಯಲ್ಲಿ ಕುಳಿತ ತರುಣ ನಾಲ್ಕು ಪುಟವನ್ನೂ ತಿರುವಿ ಕೇಳಿದ: "ಬಾಯಿ ಹೆಸರೇನ್ರಿ?"

"ಮೊಸರಿನಾಕಿ," ಎಂದೆ.

"ಅದು ಧಂದೇ ಆತ್ರಿ ಅಜ್ಜಾರ. ಹೆಸರು?"

ಹದಿನಾಲ್ಕು ವರ್ಷ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದ್ದೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ದಿಕ್ಕು ಕೇಳದೆ ಒಂದು ಕಾಗದ ಬಿಡದ ನಾನು ಆಕೆಯ ಹೆಸರು ಕೇಳಿರಲಿಲ್ಲ. ಆಕೆಯಾದರೂ ನಮಗೆಲ್ಲ ಒಂದೊಂದು ಹೆಸರಿಟ್ಟಿದ್ದಳು. ಇಟ್ಟದ್ದು ಸುಳ್ಳೂ ಆಗಿರಲಿಲ್ಲ.

ಆ ತರುಣ ನಗಲಿಲ್ಲ. ಅರ್ಜಿ ಬದಿಗಿಟ್ಟು ಹೇಳಿದ: "ಇಂಥಾವ್ರು ಸಾಲಾ ಕೊಡಾಕ ಪರವಾನಗಿನ ಇರೂದಿಲ್ರಿ. ಅವರಿಗೆ ಒಂದ ರೂಪಾಯಿ ಕೊಡಬ್ಯಾಡ ಅಂತ ಹೇಳ್ರಿ ಆಕಿಗೆ. ಫೋನ ತಗೊಂಡು ಇಲ್ಲಿಗೆ ಬರ್ಲಿ. ಲಗೂ ಹೋಗ್ರಿ."

ಲಗೂ ಹೋದೆ. ಸುಳ್ಳದ ಬಸ್ಸು ಹತ್ತಿ, ಮೊಸರು ಮಾರುವ ಬಾಯಿ ಎಂದು ಕೇಳುತ್ತ ಮನೆ ಮುಟ್ಟಿದರೆ, ಬಾಗಿಲಿಗೆ ಚಿಲಕ. ಅಂಗಳದಲ್ಲೊಂದು ಗೂಟ, ಗೂಟಕ್ಕೆ ಕೊಯ್ದ ಹಗ್ಗ, ಸುತ್ತ ಇನ್ನೂ ಒಣಗದ ಸಗಣಿ. ನೆರೆಯ ಹೆಂಗಸು ಬಾಗಿಲಿಗೆ ಬಂದಳು.

"ಎಮ್ಮಿ ನಿನ್ನೆ ಮಾರಿದ್ಲಲ್ರಿ. ಅದೇನೋ ಫೋನಿನ ಸಾಲ ಅಂತ, ಅಷ್ಟೂ ಕಟ್ಟಿ ಬಂದ್ಲು. ಗಬ್ಬೂರ ಕಡೆ ಕಲ್ಯಾಣ ಮಂಟಪದಾಗ ಭಾಂಡೆ ತಿಕ್ಕಾಕ ಹೋಗ್ಯಾಳ. ನೀವು ಯಾರ್ರಿ?"

ಒಂದು ದಿನ. ಅರ್ಜಿಯ ಮೂರನೆಯ ಪುಟದಲ್ಲಿ "ಸದರಿ" ಎಂಬ ಶಬ್ದ ಎರಡು ಸಲ ಬಂದಿದೆಯೆಂದು ನಾನು ಇಡೀ ಹಾಳೆಯನ್ನು ಹೊಸದಾಗಿ ಬರೆದ ದಿನ ಅದು… ನಾನು ಯಾರೆಂದು ಆ ಹೆಂಗಸಿಗೆ ಹೇಳಲಿಲ್ಲ. ಗಬ್ಬೂರು ಏನು ದೂರವೇ? ಬೈಪಾಸಿನ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದು. ಹೋಗಲಿಲ್ಲ. ಹೋಗಲು ಇದ್ದದ್ದು ಒಂದೇ ಕಾರಣ. ಹೋಗದ್ದಕ್ಕೆ ಬೇಕಾದಷ್ಟು ಕಾರಣ ನನ್ನಂಥ ಹೆಡ್ ಕ್ಲಾರ್ಕಿಗೆ ಸಿಗುತ್ತವೆ.

ಹೋದ ತಿಂಗಳು ರಕ್ತದೊತ್ತಡ ತೋರಿಸಲೆಂದು ಇಲ್ಲೇ ಒಂದು ಆಸ್ಪತ್ರೆಗೆ ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್ ನನ್ನ ಮುಖವನ್ನು ಎರಡು ಸಲ ನೋಡಿದಳು.

"ನೀವು ಪಾವು ಮೊಸರು ತಾಸು ಮಾತು ಅಲ್ರಿ?"

ಒತ್ತಡ ಅಳೆಯುವ ಮುಂಚೆಯೇ ಏರಿತು. ಆ ಹೆಸರನ್ನು ಬರೆದ ಕೈ ಅವಳದೇ; ಸೂಟಿಯಲ್ಲಿ ಅಜ್ಜಿಯ ಜೊತೆ ನಮ್ಮ ಕಟ್ಟೆಗೆ ಬಂದಾಗ ನನ್ನನ್ನು ನೋಡಿದ್ದಳಂತೆ. ಅಜ್ಜಿ ಹೇಗಿದ್ದಾಳೆಂದು ಕೇಳಿದೆ. ಎರಡು ವರ್ಷವಾಯಿತಂತೆ ಹೋಗಿ. ಮಂಟಪದ ನೆಲ ಸದಾ ಹಸಿ, ಎದೆಯಲ್ಲಿ ಕಫ ಕಟ್ಟಿತ್ತು, ಕಡೆಗೆ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ… ಅವಳು ಪಟ್ಟಿ ಬಿಚ್ಚುತ್ತಿದ್ದಳು. ನನಗೆ ಆಗ ಹೇಳದಿದ್ದರೆ ಇನ್ನೆಂದೂ ಆಗದೆನಿಸಿತು.

"ನೋಡವಾ, ಅವತ್ತ ಅದನ್ನ ಒತ್ತಿದ್ದು ನಿಮ್ಮಜ್ಜಿ ಅಲ್ಲ."

"ಗೊತ್ತೈತ್ರಿ," ಎಂದಳು ಹುಡುಗಿ. "ನಾನೂ ಬೈದಿದ್ದೆ ಅಜ್ಜಿಗೆ, ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ ಅಂತ. 'ನಾ ಬ್ಯಾರೆ ಓಣಿಗೆ ಹೋಗಿ ಮೊಸರು ಮಾರತೇನಿ. ಸಾಹೇಬ್ರು ಆ ಓಣ್ಯಾಗ ಇರಬೇಕಲ್ಲವಾ' ಅಂದ್ಲು."

ಬೇರೆ ಓಣಿಗೆ ಒಯ್ಯಲು ಆಮೇಲೆ ಆಕೆಯ ಬಳಿ ಮೊಸರು ಉಳಿಯಲಿಲ್ಲ. ನಾನು ಮಾತ್ರ ಈ ಓಣಿಯಲ್ಲಿ ಗೌರವದಿಂದ ಇದ್ದೇನೆ. ಈಗ ಫೋನು ಏನು ಕೇಳಿದರೂ ಬೇಡ ಎನ್ನುತ್ತೇನೆ. ನಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಇವತ್ತು ಮಳೆ ಬರುತ್ತದೆಯೇ ಎಂದು ಕೇಳಿದರೆ ದಿಲ್ಲಿಯ ಬಿಸಿಲನ್ನು ಹೇಳುತ್ತದೆ. ಬಹಳ ಜಾಗರೂಕನಾಗಿದ್ದೇನೆ. ಯಾರಿಗೆ ಉಪಯೋಗ?

ಹೊರಡುವ ಮುಂಚೆ ಆ ಹುಡುಗಿಯಿಂದ ಅಜ್ಜಿಯ ಹೆಸರು ಕೇಳಿಕೊಂಡೆ. ಇಲ್ಲಿ ಬರೆಯುವುದಿಲ್ಲ. ಹದಿನಾಲ್ಕು ವರ್ಷ ಕೇಳದ ಹೆಸರನ್ನು ಈಗ ಅಲಂಕಾರಕ್ಕೆ ಬಳಸುವ ಹಕ್ಕು ನನಗಿಲ್ಲ.

ಡಾಕ್ಟರಿಗೆ ಈಗ ಎಂಬತ್ತು ದಾಟಿದೆ. ಅಂಗಡಿಯ ಪಾಕೀಟು ಮೊಸರನ್ನೂ ಅಂಗೈ ಮೇಲೆ ಹಾಕಿ ನೋಡಿ ಮುಖ ಕಿವುಚುತ್ತಾರೆ. ನಿನ್ನೆಯೂ ಹಾಗೆ ನೋಡುತ್ತ ಗೇಟಿನ ಬಳಿ ನಿಂತು ಎಂದಿನಂತೆ ಅಂದರು: "ಆಕಿ ಮೊಸರ ಮೊಸರ್ರಿ. ಪಾಪ, ತಾನ ಒತ್ತಿ ತಾನ ಹಾಳಾಗಿ ಹೋದ್ಲು."

ಐದು ವರ್ಷ ಈ ಮಾತಿಗೆ ತಲೆಯಾಡಿಸಿದ್ದೇನೆ.

"ಆಕಿ ಅಲ್ರಿ ಡಾಕ್ಟ್ರ. ಒತ್ತಿದಾವ ನಾ," ಎಂದೆ.

ಅವರು ಅಂಗೈಯ ಮೊಸರನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. ಗೇಟು ಹಾಕಿಕೊಂಡು ಒಳಗೆ ಹೋದರು. ಇವತ್ತು ಬೆಳಿಗ್ಗೆ ಅವರ ಬಾಗಿಲು ತೆರೆಯಲಿಲ್ಲ; ಬಂಗಲೆಯ ಬಾಯಿಯವರು ನನ್ನನ್ನು ಕಂಡು ರಸ್ತೆಯ ಆ ಬದಿಗೆ ದಾಟಿದರು.

ಸಿಂಬಿ ಈಗ ಮತ್ತೆ ಕಟ್ಟೆಯ ಮೇಲಿದೆ, ಆಕೆ ಇಟ್ಟ ಜಾಗದಲ್ಲೇ. ಚೀಲದಿಂದ ತೆಗೆದಾಗಿನಿಂದ ಹೊಗೆಯ ವಾಸನೆ ದಿನದಿನಕ್ಕೆ ಕಡಿಮೆಯಾಗುತ್ತಿದೆ. ನಾನು ಅದರ ಪಕ್ಕ ಕುಳಿತಿದ್ದೇನೆ. ಈ ಓಣಿಯಲ್ಲಿ ಇರಬೇಕಲ್ಲ…